ಕೊನೆಗೆ ಮಿಂದವರು

ಶಿರಸಿ
೧೬ ನವೆಂಬರ್, ಭಾನುವಾರ

ಪ್ರೀತಿಯ ಆಯಿಗೆ,

ಹಾಸ್ಟೆಲ್ಲಿನ ಭಾನುವಾರದ ಕಾಗದದ ಅಭ್ಯಾಸ ಇನ್ನೂ ಬಿಟ್ಟಿಲ್ಲ ಅಂತ ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮಮ್ಮ ಪಕ್ಕದಲ್ಲೇ ಕೂತು ಎಲೆ-ಅಡಿಕೆಯ ಕವಳ ಹಾಕುತ್ತಾ ಎಲ್ಲ ಕೇಳಿಸಿಕೊಳ್ಳುತ್ತಾಳೆ.

ಕರೆಂಟ್ ಬಿಲ್ಲು ಏರಿದ್ದಕ್ಕೆ ಕಾರಣ ಸಿಕ್ಕಿತು. ನನ್ನನ್ನು ಮತ್ತೆ ಹಾಸ್ಟೆಲ್ಲಿಗೆ ಹಾಕುವ ವಿಚಾರವನ್ನು ಈ ಕಾಗದ ಓದಿ ಮುಗಿಸುವವರೆಗಾದರೂ ತಡೆದುಕೋ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳಿಗೆ ಮನೆ ಅಂತ ಸಿಕ್ಕಿದ್ದು ಈಗ, ಡಿಗ್ರಿ ಫಸ್ಟ್ ಇಯರ್‌ಗೆ ಬಂದ ಮೇಲೆ, ಕಿಶೋರ ಮಾವನ ಹತ್ತಿರ.

ಸರ್ಕಾರದ ಉಚಿತ ಕರೆಂಟಿನಲ್ಲಿ ಸೊನ್ನೆ ಬರುತ್ತಿದ್ದ ಬಿಲ್ಲು ನಾನು ಬಂದ ಮೇಲೇ ಏರಿದ್ದು. ಮಾವ ನನಗೇನೂ ಅನ್ನಲಿಲ್ಲ. ಫ್ರಿಜ್ಜಿಗೆ ಬೈದ, ಮೀಟರಿಗೆ ಬೈದ. ಆದರೆ ನೀನು ಫೋನಿನಲ್ಲಿ, ತಮ್ಮನಿಗೆ ಭಾರ ಆಗುವುದು ಬೇಡ, ಹಾಸ್ಟೆಲ್ ನೋಡುವಾ ಅಂದದ್ದು ನನಗೆ ಕೇಳಿಸಿತ್ತು. ಸಿಕ್ಕಾಪಟ್ಟೆ ಟೆನ್ಷನ್ ಆಯಿತು. ಲ್ಯಾಪ್‌ಟಾಪನ್ನು ಕಾಲೇಜಿನಲ್ಲೇ ಚಾರ್ಜ್ ಮಾಡಿಕೊಂಡೆ. ಎಲ್ಲರಿಗಿಂತ ಮೊದಲೇ ಎದ್ದು ತಣ್ಣೀರು ಮಿಂದೆ. ಅಭ್ಯಾಸ ಇದೆ, ಸಿಟ್ಟಾಗಬೇಡ. ಮುಂದಿನ ಬಿಲ್ಲು ಇನ್ನೂ ಜಾಸ್ತಿ ಬಂತು.

ಇವತ್ತು ಮಾವ ಯಲ್ಲಾಪುರಕ್ಕೆ ಹೋಗಿದ್ದ. ಮನೆಯ ಒಂದೊಂದೇ ಸ್ವಿಚ್ ಆರಿಸುತ್ತಾ ಮೀಟರಿನ ಕೆಂಪು ದೀಪ ನೋಡಿದೆ. ಎಲ್ಲ ಆಫ್ ಮಾಡಿದೆ ಅಂದುಕೊಂಡರೂ ಅದು ಪಟಪಟ ಮಿನುಗುತ್ತಲೇ ಇತ್ತು. ಕೊನೆಗೆ ಸಿಕ್ಕಿದ್ದು ಬಚ್ಚಲಮನೆಯ ಬಾಗಿಲ ಹಿಂದೆ, ಅಮ್ಮಮ್ಮನ ಟವೆಲ್ಲಿನ ಅಡಿಯಲ್ಲಿ: ಗೀಸರಿನ ಸ್ವಿಚ್. ಒಳಗೆ ಬಕೆಟ್ಟಿನ ತುಂಬ ಬಿಸಿನೀರು.

ಇದೇಕೆ ಆನ್ ಇದೆ ಅಂತ ಅಮ್ಮಮ್ಮನನ್ನು ಕೇಳಿದರೆ ಅವಳು ನನ್ನನ್ನೇ ಕೇಳಿದಳು, “ನೀ ಇನ್ನೂ ಮಿಂದಿದ್ದಿಲ್ಲೆ, ಬೆಂಕಿ ಹೆಂಗೆ ಆರ್ಸದು?”

ನೀನು ಬೆಳೆದ ವಜ್ರಳ್ಳಿಯ ಮನೆಯಲ್ಲಿ ಹಂಡೆಯ ಒಲೆಯಿಂದ ಕೊಳ್ಳಿ ಹಿಂದಕ್ಕೆಳೆಯುವುದು ಕೊನೆಗೆ ಮಿಂದವರ ಕೆಲಸವಂತೆ. ಒಬ್ಬರು ಬಾಕಿಯಿದ್ದರೂ ಬೆಂಕಿ ಆರಿಸುವ ಹಾಗಿಲ್ಲ. ಇಲ್ಲಿ ಗೀಸರಿಗೂ ಅದೇ ಕಾನೂನು. ಮೊದಮೊದಲು ಕೊನೆಗೆ ಮೀಯುತ್ತಿದ್ದ ನಾನು ಅದು ಗೊತ್ತಿಲ್ಲದೆ ಸ್ವಿಚ್ ಆರಿಸುತ್ತಿರಲಿಲ್ಲ. ಆಮೇಲೆ ಬಿಸಿನೀರನ್ನೇ ಮುಟ್ಟುತ್ತಿರಲಿಲ್ಲವಲ್ಲ, ಅವಳ ಪ್ರಕಾರ ನಾನು ಮಿಂದೇ ಇಲ್ಲ. ಬಕೆಟ್ಟಿನ ನೀರು ಆರಿದಾಗೆಲ್ಲ ಸೇವಂತಿಗೆ ಗಿಡಕ್ಕೆ ಸುರಿದು ಮತ್ತೆ ಬಿಸಿನೀರು ಹಿಡಿದಿಡುತ್ತಿದ್ದಳು.

ನನ್ನನ್ನೇ ಕೇಳಬಹುದಿತ್ತಲ್ಲ ಅಂದೆ. “ಹಾಸ್ಟೆಲ್ಲಿನ ಮಕ್ಕೊ ಮೀಯದೇ ಇಲ್ಲೆ ಕಾಣ್ತು ಅಂದ್ಕಂಡಿ. ಕೇಳಿದ್ರೆ ಕೂಸಿಗೆ ಬೇಜಾರಾಗ್ತು” ಅಂದಳು. ಇಷ್ಟು ದಿನ ನನ್ನನ್ನು ಕೊಳಕಿ ಅಂದುಕೊಂಡೇ ಪಕ್ಕದಲ್ಲಿ ಕೂರಿಸಿ ಮೊಸರನ್ನ ಬಡಿಸಿದ್ದಾಳೆ, ಆಯಿ.

ಸಂಜೆ ಮಾವ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂತೂ ಇಬ್ಬರೂ ಸೇರಿ ಸೇವಂತಿಗೆ ಗಿಡವನ್ನು ಮೀಸಿದಿರಿ ಅಂದ.

ಇನ್ನು ಮೇಲೆ ಅಮ್ಮಮ್ಮ ಮಿಂದ ಕೂಡಲೇ ನಾನು, ಬಿಸಿನೀರೇ. ಕೊನೆಗೆ ಮಿಂದವಳಾಗಿ ಸ್ವಿಚ್ ಆರಿಸುವುದು ನನ್ನ ಕೆಲಸ. ಮುಂದಿನ ಬಿಲ್ಲು ನೋಡಿ ಆಮೇಲೆ ಹೇಳು. ನನಗೆ ಇಲ್ಲೇ ಇರಬೇಕು.

ನಿನ್ನ ದಿನಾ ಮೀಯುವ ಮಗಳು,
ಸಂಹಿತಾ

ತಾ.ಕ.: ಪಿಯುಸಿ ಓದುವಾಗ ನೀನೊಮ್ಮೆ ಹಾಸ್ಟೆಲ್ಲಿನಿಂದ ಕೊನೇ ಬಸ್ಸಿಗೆ ಮನೆಗೆ ಬಂದಾಗ ಒಲೆ ಆರಿಹೋಗಿತ್ತಂತೆ. ನೀನು ತಣ್ಣೀರು ಮಿಂದು ಬಂದು, ನೀರು ಚೆನ್ನಾಗಿ ಕಾದಿತ್ತು ಅಂದೆಯಂತೆ. ಒಲೆಯ ಬೂದಿ ಮುಟ್ಟಿ ನೋಡಿದ್ದಳಂತೆ ಅಮ್ಮಮ್ಮ, ತಣ್ಣಗಿತ್ತಂತೆ. ಒಬ್ಬರು ಬಾಕಿಯಿದ್ದರೂ ಬೆಂಕಿ ಆರಿಸಬಾರದು ಅನ್ನುವ ಕಾನೂನು ಅವತ್ತಿನದು.