ಅಬ್ಬಾ ಪಳಗಿಸಿದ ಕೌಜುಗ

ಮುಳಬಾಗಲು, ೧೯೪೧
ಭಾನುವಾರ ಸಂಜೆ

ಅಬ್ಬಾ,

ನೀವು ತೀರ್ಕೊಂಡು ಆರು ತಿಂಗಳಾಯ್ತು. ಇದ್ದಿದ್ರೂ ಇದನ್ನ ಓದೋಕಾಗ್ತಿರಲಿಲ್ಲ. ನಿಮಗೆ ಕನ್ನಡ ಅಕ್ಷರ ಬರ್ತಿರಲಿಲ್ಲ ಅನ್ನೋ ಧೈರ್ಯದ ಮೇಲೇ ಬರೀತಿದ್ದೀನಿ.

ಹೊಸದಾಗಿ ಬಂದ ಚೌಡಪ್ಪ ಮೇಷ್ಟ್ರು ಭಾನುವಾರ ಊರವರನ್ನ ಗುಡ್ಡಕ್ಕೆ ಕರ್ಕೊಂಡು ಹೋಗಿ ಹಕ್ಕಿ, ಪ್ರಾಣಿ ತೋರಿಸ್ತಾರೆ. ನಮ್ಮನೇಲಿ ಕೌಜುಗ ಇದೆ ಅಂತ ತಿಳಿದು, ಇವತ್ತು ತರೋಕೆ ಹೇಳಿದ್ರು. ಅದು ಕೂಗಿದ್ರೆ ಕಾಡಿನದೂ ಬರುತ್ತೆ, ಮಕ್ಕಳು ಮುದುಕರು ಎಲ್ಲ ನೋಡ್ಲಿ ಅಂತ.

ಗುಡ್ಡದ ಬುಡದಲ್ಲಿ ಮೇಷ್ಟ್ರು, "ಬಲೆ ಹಾಕಿ ಹಕ್ಕಿ ಹಿಡಿಯೋರು ಪಾಪಿಗಳು" ಅಂದ್ರು. ನಿಮ್ಮ ಬಲೆಯ ಅನ್ನ ತಿಂದು ಬೆಳೆದ ನಾನೂ ಹೌದು ಅಂತ ತಲೆ ಆಡಿಸಿದೆ.

ಆಮೇಲೆ ನಿಮ್ಮ ಹಾಗೇ ನಾಲಿಗೇಲಿ ಟಕ್ ಟಕ್ ಅಂದೆ. ಕೌಜುಗ ಕೂಗಿತು. ಪೊದೆಯಿಂದ ಇನ್ನೊಂದು ಬಂತು, ಪಂಜರದ ಸುತ್ತ ಒಂದು ಸುತ್ತು ಹಾಕಿ, ಬಂದ ದಾರೀಲೇ ಹೋಯ್ತು. ಬಂದ ಕೌಜುಗ ವಾಪಸ್ ಹೋಗೋದನ್ನ ನಾನು ನೋಡಿದ್ದು ಇದೇ ಮೊದಲು. ನಿಮ್ಮ ಜೊತೆ ಹೋದಾಗೆಲ್ಲ ಬಲೆ ಇರ್ತಿತ್ತು.

ಶ್ರೀನಿವಾಸಪುರದಿಂದ ಮಗಳ ಮನೆಗೆ ಬಂದಿದ್ದ ಗಂಗರತ್ನಮ್ಮ ಕೇಳಿದ್ರು: "ಅಬ್ಬಬ್ಬ, ಎಷ್ಟು ಚೆನ್ನಾಗಿ ಕೂಗ್ತೈತಮ್ಮಾ! ಯಾರು ಪಳಗಿಸಿದ್ದು?"

"ಸಂತೇಲಿ ತಂದಿದ್ದು" ಅಂದ್ಬಿಟ್ಟೆ. ನಿಮ್ಮನ್ನ ಬಲ್ಲವರೂ ಅಲ್ಲಿದ್ರು.

ಮನೆಗೆ ಬಂದು ರಾಗಿ ಹಾಕಿದೆ. ಕೌಜುಗ ಮುಟ್ಟಲಿಲ್ಲ. ಮತ್ತೆ ಟಕ್ ಟಕ್ ಅಂದೆ. ಅದು ಕತ್ತೆತ್ತಿ ಬಾಗಿಲ ಕಡೆ ನೋಡ್ತು.

ನಿಮ್ಮ
ಹಜೀರಾ