ಎರಡನೇ ಹೆಡ್‌ಫೋನ್

ಅಂಗಡಿಯ ಮೇಜಿನಿಂದ,
ಹನ್ನೆರಡನೇ ತಾರೀಕು, ಗುರುವಾರ ಬೆಳಿಗ್ಗೆ

ನನ್ನ ಮುದ್ದು ಗಿಣಿಗೆ ತಾತನ ನೆನಪುಗಳು, ಹಣೆಗೊಂದು ಮುತ್ತು.

ಹೇಗಿದ್ದೀಯ ಮಗಳೇ? ಕೆಮ್ಮು ನಿಂತಿತೇ? ತರಬೇತಿಯಲ್ಲಿ ಕನ್ನಡಕದ ಗಾಜು ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಅಜ್ಜಿ ನನ್ನ ಭುಜದ ಮೇಲಿಂದ ಇಣುಕುತ್ತಾ, "ಅವಳು ತೆಳ್ಳಗಾಗಿರ್ತಾಳೆ, ಬರೀರಿ, ಬರೀರಿ" ಎನ್ನುತ್ತಿದ್ದಾಳೆ. ಕಣ್ಣಿಗೆ ಕಾಣದವಳು ತೆಳ್ಳಗಾಗಿದ್ದಾಳೆ ಎಂದು ಹೇಗೆ ಬರೆಯಲಿ? ಆದರೂ ಬರೆದಿದ್ದೇನೆ, ಇಲ್ಲದಿದ್ದರೆ ನನಗೆ ಮಧ್ಯಾಹ್ನದ ಊಟ ಇಲ್ಲ. ಅವಳ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮೊದಲಿಗಿಂತ ಗಟ್ಟಿಯಾಗಿದೆ. ನನ್ನ ವಿಷಯ ನಿನಗೆ ಗೊತ್ತು. ಎಡಗಿವಿ ಕೈಕೊಟ್ಟು ಐದು ವರ್ಷವಾಯಿತು, ಈಗ ಬಲಗಿವಿಯೂ ಅದೇ ದಾರಿ ಹಿಡಿದಿದೆ, ಅಂಗಡಿಯನ್ನು ಒಂದನೇ ತಾರೀಕಿಗೆ ಪಕ್ಕದ ದರ್ಜಿಗೆ ಬಿಟ್ಟುಕೊಡುತ್ತೇನೆ ಎಂದು ಹೋದ ಪತ್ರದಲ್ಲಿ ಬರೆದಿದ್ದೆ. ಡಾಕ್ಟರು ಕೊಟ್ಟ ಕಿವಿಯ ಯಂತ್ರಕ್ಕೆ ಮನುಷ್ಯರ ಮಾತು ಮಾತ್ರ ಇಷ್ಟ, ಗಡಿಯಾರದ ಸದ್ದು ಅದರ ಲೆಕ್ಕಕ್ಕೇ ಇಲ್ಲ. ಗಡಿಯಾರ ರಿಪೇರಿಯವನಿಗೆ ಅದು ಯಾವ ಉಪಯೋಗ? ಕಣ್ಣು ಮಂಜಾದರೆ ಭೂತಗನ್ನಡಿ ಇದೆ, ಕಿವಿ ಮಂಜಾದರೆ ಏನಿದೆ?

ಅದಕ್ಕೆ ನೀನು ಬರೆದ ಉತ್ತರವನ್ನು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. "ಮುಚ್ಚೋದಾದ್ರೆ ಮುಚ್ಚಿ ತಾತ, ಆದ್ರೆ ಮೊದಲು ನಿಮ್ಮ ಕೆಲಸದ ವಿಡಿಯೋ ಮಾಡಿ. ಫೋನಲ್ಲಿ ಬೇಡ, ಒಳ್ಳೆ ಕ್ಯಾಮೆರಾ, ಒಳ್ಳೆ ಮೈಕ್ ತಗೊಳ್ಳಿ" ಎಂದಿದ್ದೆ. ನಿನ್ನ ಮಾತು ಮೀರುವ ಧೈರ್ಯ ನನಗೆಲ್ಲಿದೆ? ಸೋಮವಾರ ಬಾಗಿಲು ಹಾಕಿಕೊಂಡು ನಾನೂ ಅಜ್ಜಿಯೂ ಕ್ಯಾಮೆರಾ ಅಂಗಡಿಗೆ ಹೊರಟೆವು. ಕ್ಯಾಮೆರಾ ಹಿಡಿಯುವವಳು ಅಜ್ಜಿಯೇ ಎಂದು ದಾರಿಯಲ್ಲೇ ತೀರ್ಮಾನವಾಯಿತು. ನನ್ನ ಎರಡೂ ಕೈ ಗಡಿಯಾರದ ಹೊಟ್ಟೆಯೊಳಗೆ ಇರುತ್ತವಲ್ಲ!

ಅಂಗಡಿಯಲ್ಲಿ ನಿನ್ನ ವಯಸ್ಸಿನ ಒಬ್ಬ ಹುಡುಗಿ ಇದ್ದಳು. ತಲೆಗೂದಲನ್ನು ಸುತ್ತಿ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಹೆಸರು ಕೇಳಲಿಲ್ಲ, ನಮ್ಮ ಮನೆಯಲ್ಲಿ ಅವಳೀಗ ಪೆನ್ಸಿಲ್ ಹುಡುಗಿ. ಮೊದಲು ಒಂದು ದೊಡ್ಡ ಕ್ಯಾಮೆರಾ ಇಳಿಸಿದಳು. ಅಜ್ಜಿ ಅದನ್ನು ಕುಂಬಳಕಾಯಿ ಕೊಳ್ಳುವವಳ ಹಾಗೆ ಎರಡು ಕೈಯಲ್ಲಿ ಎತ್ತಿ ತೂಗಿ, "ಇದನ್ನ ಹಿಡ್ಕೊಂಡು ನಿಂತ್ರೆ ನನ್ನನ್ನ ಯಾರು ಹಿಡ್ಕೊಳ್ತಾರೆ?" ಎಂದಳು. ನಾನು ಜೇಬಿನಿಂದ ಒಂದು ಹಲ್ಲಿನ ಚಕ್ರ ತೆಗೆದು ಅದರ ಮುಂದಿಟ್ಟೆ. ಪರದೆಯಲ್ಲಿ ಒಂದೇ ಒಂದು ಹಲ್ಲು ಕನ್ನಡಿಯ ಹಾಗೆ ಫಳಫಳ, ಉಳಿದದ್ದೆಲ್ಲ ಮಂಜು. "ಹಿಂದಿನದನ್ನೆಲ್ಲ ಮಸುಕು ಮಾಡೋದೇ ಇದರ ಹೆಚ್ಚುಗಾರಿಕೆ ತಾತ" ಎಂದಳು ಹುಡುಗಿ. "ಮಸುಕು ಮಾಡೋಕೆ ನನ್ನ ಕಣ್ಣೇ ಸಾಕಲ್ಲಮ್ಮ, ಅದಕ್ಕೆ ಕ್ಯಾಮೆರಾ ಯಾಕೆ?" ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವಳೇ ಹುಡುಕಿ, ಅಂಗೈಯಲ್ಲಿ ಕೂರುವಂಥ ಒಂದನ್ನು ಕೊಟ್ಟಳು. ಹತ್ತಿರದ ಸಣ್ಣ ವಸ್ತುವನ್ನು ಇಡಿಯಾಗಿ ತೋರಿಸುತ್ತದೆ, ಪರದೆ ಕಿಟಕಿಯ ಬಾಗಿಲಿನಂತೆ ಹೊರಕ್ಕೆ ತಿರುಗುತ್ತದೆ. ಮೇಜಿನ ಮೇಲಿಂದ ಬಾಗಿ ನೋಡುವ ಒಂದು ಸ್ಟ್ಯಾಂಡನ್ನೂ ತೆಗೆದುಕೊಂಡೆವು, ಕೊಕ್ಕರೆಯ ಕತ್ತಿನಂಥದ್ದು.

ಮೈಕ್ ವಿಷಯಕ್ಕೆ ಬಂದಾಗ ಪೆನ್ಸಿಲ್ ಹುಡುಗಿಗೆ ಹುರುಪು ಹೆಚ್ಚಿತು. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ತಂದಳು. ಅದಕ್ಕೊಂದು ಗುಂಡಿ. ಒತ್ತಿದರೆ ಮಾತನ್ನು ಬಿಟ್ಟು ಬೇರೆ ಸದ್ದನ್ನೆಲ್ಲ ನುಂಗಿಹಾಕುತ್ತದಂತೆ. ಫ್ಯಾನನ್ನು ಜೋರಾಗಿ ತಿರುಗಿಸಿ ಅದರ ಮುಂದೆ ನಿಂತು ಮಾತಾಡಿ ಅಜ್ಜಿಗೆ ಕೇಳಿಸಿದಳು. ಫ್ಯಾನ್ ಮಾಯ! "ನಲವತ್ತೆರಡು ವರ್ಷದಿಂದ ಇವರ ಗೊರಕೆ ಕೇಳ್ತಿದ್ದೀನಿ, ಇದು ಮೊದಲೇ ಸಿಗಬಾರದಿತ್ತಾ?" ಎಂದಳು ನಿನ್ನ ಅಜ್ಜಿ. ಅಂಗಡಿಯವರೆಲ್ಲ ನಕ್ಕರು. ನಾನೂ ನಕ್ಕೆ. ಗುಂಡಿ ಒತ್ತಿದ ಹಾಗೇ ಮನೆಗೆ ತಂದೆವು.

ಮಂಗಳವಾರ ಚಿತ್ರೀಕರಣ. ಪಕ್ಕದ ದರ್ಜಿ ತನ್ನ ಹೊಲಿಗೆ ಯಂತ್ರ ನಿಲ್ಲಿಸಿ, ಟೇಪನ್ನು ಕತ್ತಿಗೆ ಹಾಕಿಕೊಂಡೇ ಬಂದು ಮೂಲೆಯಲ್ಲಿ ಕೂತ. ಮೊದಲ ಪಾಠಕ್ಕೆ ಹಲ್ಲಿನ ಡಾಕ್ಟರ ಗೋಡೆ ಗಡಿಯಾರವನ್ನು ಆರಿಸಿದ್ದೆ. ಎರಡು ದಿನ ನಡೆದು ಮೂರನೇ ದಿನ ನಿಲ್ಲುವ ಕಾಯಿಲೆ ಅದಕ್ಕೆ. ಚಿಕ್ಕವಳಿದ್ದಾಗ ಹೇಳಿದ್ದೆ, ನೆನಪಿದೆಯಾ? ಆರೋಗ್ಯವಾಗಿರುವ ಗಡಿಯಾರ ಟಿಕ್, ಟಕ್, ಟಿಕ್, ಟಕ್ ಎಂದು ಒಂದೇ ತಾಳದಲ್ಲಿ ನಡೆಯುತ್ತದೆ. ಕಾಯಿಲೆಯದ್ದು ಟಿಕ್ಟಕ್... ಟಿಕ್ಟಕ್... ಎಂದು ಕುಂಟುತ್ತದೆ. ಲೋಲಕದ ಹಿಂದಿರುವ ತೆಳು ಕಡ್ಡಿಯನ್ನು ಒಂದು ಕೂದಲಿನಷ್ಟು ಬಗ್ಗಿಸಿದರೆ ಸರಿಹೋಗುತ್ತದೆ. ಯಾವ ಕಡೆಗೆ, ಎಷ್ಟು ಎಂದು ಹೇಳುವುದು ಕಿವಿಯೊಂದೇ.

ಅಜ್ಜಿ "ಶುರು!" ಎಂದು ಕೂಗಿದಳು. ನಾನು ಮೇಷ್ಟರ ಗತ್ತಿನಲ್ಲಿ, "ಕೇಳಿ, ಈ ಗಡಿಯಾರ ಕುಂಟುತ್ತಿದೆ" ಎಂದೆ. ಕಡ್ಡಿಯನ್ನು ಅಂದಾಜಿನಲ್ಲಿ ಬಗ್ಗಿಸಿದೆ. "ಈಗ ಕೇಳಿ, ತಾಳ ಸರಿಹೋಯಿತು" ಎಂದು ಮುಗಿಸಿದೆ. ಅಜ್ಜಿ ಅದನ್ನು ಪರದೆಯಲ್ಲಿ ಹಾಕಿದಳು. ನಾನು ತಲೆದೂಗುತ್ತಾ, ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ, "ನೋಡು, ಎಷ್ಟು ಚೆನ್ನಾಗಿ ಕೇಳಿಸ್ತಿದೆ! ಗೋಡೆ ಮೇಲಿನ ಹನ್ನೊಂದೂ ಕೇಳಿಸ್ತಿವೆ!" ಎಂದೆ. ಅಜ್ಜಿ ದರ್ಜಿಯ ಮುಖ ನೋಡಿದಳು. ದರ್ಜಿ ಚಾವಣಿ ನೋಡಿದ. ಆಮೇಲೆ ಅಜ್ಜಿ ನನ್ನ ಒಳ್ಳೆಯ ಕಿವಿಯ ಹತ್ತಿರ ಬಂದು ಮೆಲ್ಲಗೆ, "ರೀ, ಇದರಲ್ಲಿ ಗಡಿಯಾರದ ಸದ್ದೇ ಇಲ್ಲ" ಎಂದಳು.

ಅಯ್ಯೋ ಗಿಣಿ! ಆ ಗುಂಡಿ ಫ್ಯಾನನ್ನು ನುಂಗಿದ ಹಾಗೇ ಹನ್ನೆರಡು ಗಡಿಯಾರಗಳನ್ನೂ ನುಂಗಿ ಕೂತಿತ್ತು. ಲೋಲಕಗಳೆಲ್ಲ ಆ ಕಡೆ ಈ ಕಡೆ ತೂಗುತ್ತಿವೆ, ಒಂದಕ್ಕೂ ಬಾಯಿಲ್ಲ. ಮಧ್ಯೆ ನಾನೊಬ್ಬ ಮಾತ್ರ, "ಕೇಳಿ, ಕೇಳಿ" ಎನ್ನುತ್ತಿದ್ದೇನೆ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೆ ನಗು ಇಳಿದ ಮೇಲೆ ಹೊಳೆಯಿತು: ಇಲ್ಲದ ಸದ್ದಿಗೆ ತಲೆದೂಗಿದವನು ನಾನು! ಸಂಜೆಯ ಹೊತ್ತಿಗೆ ಹಲ್ಲಿನ ಡಾಕ್ಟರ ಗಡಿಯಾರವೂ ನಿಂತೇಹೋಯಿತು. "ಒಂದನೇ ತಾರೀಕು ಯಾಕೆ, ಕೀಲಿಕೈ ಈಗಲೇ ಇಟ್ಕೋ" ಎಂದು ದರ್ಜಿಯ ಕೈಗೆ ಕೊಡಲು ಹೋದೆ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಒಂದನೇ ತಾರೀಕು ಅಂದ್ರೆ ಒಂದನೇ ತಾರೀಕು ಅಣ್ಣಾ. ಅಳತೆ ಕೊಟ್ಟ ಮೇಲೆ ಬದಲಾಯಿಸಬಾರದು" ಎಂದು ಎದ್ದು ಹೋದ.

ನಿನ್ನೆ ಮೈಕನ್ನು ಹಿಂದಕ್ಕೆ ಕೊಡಲು ಹೊರಟೆವು. ಅಜ್ಜಿ ಹಠ ಹಿಡಿದು ಗಡಿಯಾರವನ್ನೂ ಟವೆಲ್ಲಿನಲ್ಲಿ ಸುತ್ತಿ ನನ್ನ ಕಂಕುಳಿಗೆ ಕೊಟ್ಟಳು. "ರೋಗಿ ಜೊತೇಲಿದ್ರೆ ಮಾತು ಸಲೀಸು" ಎಂದಳು. ಪೆನ್ಸಿಲ್ ಹುಡುಗಿ ವಿಡಿಯೋ ನೋಡಿ ಮೊದಲು ನಕ್ಕಳು, ಆಮೇಲೆ ಕೆನ್ನೆ ಹಿಡಿದುಕೊಂಡಳು. "ತಪ್ಪು ನಂದೇ ತಾತ. ಮಾತಾಡೋದು ನೀವು ಅಂದ್ಕೊಂಡಿದ್ದೆ. ಮಾತಾಡೋದು ಗಡಿಯಾರ ಅಂತ ಹೊಳೀಲೇ ಇಲ್ಲ" ಎಂದಳು. ಒಳಗೆ ಹೋಗಿ ಒಂದು ತಂತಿಯ ಪುಟ್ಟ ಮೈಕನ್ನೂ ಸಾಬೂನಿನಷ್ಟು ದೊಡ್ಡ ರೆಕಾರ್ಡರನ್ನೂ ತಂದಳು. "ಇದಕ್ಕೆ ಗುಂಡಿಯೂ ಇಲ್ಲ, ಬುದ್ಧಿಯೂ ಇಲ್ಲ. ಸಿಕ್ಕಿದ್ದನ್ನೆಲ್ಲ ಹಿಡಿಯುತ್ತೆ" ಎಂದಳು. ಗೋಡೆಯ ಮೇಲಿದ್ದ ಚಿತ್ರವೊಂದನ್ನು ಇಳಿಸಿ ಆ ಮೊಳೆಗೆ ಗಡಿಯಾರ ನೇತುಹಾಕಿದಳು. ನಿಂತಿದ್ದ ಲೋಲಕವನ್ನು ನಾನು ತಳ್ಳಿಬಿಟ್ಟೆ. ಮೈಕನ್ನು ಅದರ ಮರದ ಬೆನ್ನಿಗೆ ಅಂಟಿಸಿದಳು. ನನ್ನ ಕಿವಿಯ ಯಂತ್ರ ತೆಗೆಸಿ, ತಲೆಗೆ ಒಂದು ದಪ್ಪ ಹೆಡ್‌ಫೋನ್ ಹಾಕಿ, ರೆಕಾರ್ಡರಿನ ತಿರುಗಣೆಯನ್ನು ಮೆಲ್ಲಗೆ ಏರಿಸುತ್ತಾ ಹೋದಳು.

ಮೊದಲು ಏನೂ ಇಲ್ಲ. ಆಮೇಲೆ ಗರಗರ ಎಂದು ಅಜ್ಜಿ ಚೀಲದ ಜಿಪ್ ಎಳೆದದ್ದು ಕೇಳಿಸಿತು. ಅದರ ಹಿಂದೆಯೇ, ಎಲ್ಲೋ ದೂರದ ಮೆಟ್ಟಿಲು ಹತ್ತಿ ಒಬ್ಬ ಕಾಲೆಳೆದುಕೊಂಡು ಬರುತ್ತಿರುವ ಹಾಗೆ, ಟಿಕ್ಟಕ್... ಟಿಕ್ಟಕ್... ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಬಂದು ನನ್ನ ತಲೆಯೊಳಗೇ ನಿಂತಿತು. "ಕುಂಟ್ತಾ ಇದೆ! ಲೇ, ಕುಂಟ್ತಾ ಇದೆ ಕಣೇ!" ಎಂದು ಕಿರುಚಿಬಿಟ್ಟೆ. ಬೀದಿಯಲ್ಲಿ ಹೋಗುತ್ತಿದ್ದವರು ಒಳಗೆ ಇಣುಕಿದರು. ಗಡಿಯಾರ ಕೆಟ್ಟಿದೆ ಎಂದು ಇಷ್ಟು ಸಂತೋಷಪಟ್ಟವನನ್ನು ಅವರು ಕಂಡಿರಲಿಕ್ಕಿಲ್ಲ. ಅಲ್ಲೇ ನಿಂತು ಕಡ್ಡಿ ಬಗ್ಗಿಸಿದೆ. ಹೆಚ್ಚಾಯಿತು. ಸ್ವಲ್ಪ ಹಿಂದಕ್ಕೆ ತಂದೆ. ಟಿಕ್, ಟಕ್, ಟಿಕ್, ಟಕ್. ಮಳೆ ನಿಂತ ಮೇಲೆ ಸೂರಿನಿಂದ ಹನಿ ಬೀಳುವ ಹಾಗೆ, ಒಂದರ ಹಿಂದೆ ಒಂದು, ಸಮವಾಗಿ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ತಿರುಗಿ ನೋಡಿದರೆ ಅಜ್ಜಿ ಯಾರೂ ಹೇಳದೆಯೇ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದಾಳೆ. ಆ ವಿಡಿಯೋ ಅಲ್ಲಾಡುತ್ತದೆ, ನಾನು ಉದ್ದಕ್ಕೂ ಅರಚುತ್ತೇನೆ. ಆದರೂ ಮೊದಲ ಪಾಠ ಅದೇ ಎಂದು ತೀರ್ಮಾನಿಸಿದ್ದೇವೆ. ಹುಡುಕುತ್ತಿದ್ದ ಕಿವಿಯ ಭೂತಗನ್ನಡಿ ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಹೊರಡುವಾಗ ನಾನು ಇನ್ನೊಂದು ಹೆಡ್‌ಫೋನ್ ಕೇಳಿದೆ. ಒಂದೇ ರೆಕಾರ್ಡರಿಗೆ ಎರಡನ್ನೂ ಸಿಕ್ಕಿಸುವ ಕವಲು ತಂತಿಯನ್ನೂ ಕೇಳಿದೆ. "ಇರೋದು ಎರಡು ಕಿವಿ, ಅದರಲ್ಲಿ ಒಂದು ನಿವೃತ್ತಿಯಾಗಿದೆ. ನಾಲ್ಕು ಕಿವಿಗಾಗೋಷ್ಟು ಯಾಕ್ರೀ?" ಎಂದು ಅಜ್ಜಿ ದಾರಿಯುದ್ದಕ್ಕೂ ಕೇಳಿದಳು. ನಾನು ಕೇಳಿಸದವನ ಹಾಗೆ ನಡೆದೆ. ಕಿವುಡುತನಕ್ಕೂ ಕೆಲವು ಅನುಕೂಲಗಳಿವೆ.

ಸಂಜೆ ದರ್ಜಿಗೆ ವಿಷಯ ತಿಳಿಸಿ, ಅಂಗಡಿ ಬಿಡುವುದಿಲ್ಲ, ಕ್ಷಮಿಸು ಎಂದೆ. ಅವನು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನಿಮ್ಮ ಮಾತು ನಂಬಿ ಬಟ್ಟೆ ಕತ್ತರಿಸಿದ್ರೆ ತಾನೆ ಅಣ್ಣಾ ನನಗೆ ನಷ್ಟ" ಎಂದ. ಇವತ್ತು ಬೆಳಿಗ್ಗೆ ಮೈಕಿಗೆ ಗಾಳಿ ಹೊಡೆಯದ ಹಾಗೆ ಒಂದು ಪುಟ್ಟ ಟೋಪಿ ಹೊಲಿದು ತಂದಿದ್ದಾನೆ. ನೀಲಿ ಬಣ್ಣದ್ದು, ಹೊಲಿಗೆ ಬಲು ನಾಜೂಕು.

ನಿನ್ನ ಕೋಣೆಯ ಗೆಳತಿಯರನ್ನು ಕೇಳಿದೆ ಎಂದು ಹೇಳು. ನಿನ್ನ ಕೈಗೆ, ಕಣ್ಣಿಗೆ, ಕಿವಿಗೆ ಯಾವ ಕುಂದೂ ಬಾರದಿರಲಿ. ಅಜ್ಜಿಯ ಆಶೀರ್ವಾದ ನನ್ನದಕ್ಕಿಂತ ಒಂದು ತೂಕ ಹೆಚ್ಚೇ ಇರಲಿ ಎಂದು ಅವಳೇ ಹೇಳಿ ಬರೆಸಿದ್ದಾಳೆ.

ಇಂತು ನಿನ್ನ,
ಅರಚುವ ತಾತ

ಮರೆತಿದ್ದೆ: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಎರಡನೇ ಹೆಡ್‌ಫೋನ್ ನಿನಗೆ. ಎರಡು ವರ್ಷದ ಹಿಂದೆ ನೀನು ಸ್ಟೂಲ್ ಎಳೆದುಕೊಂಡು ಕೂತು "ತಾತ, ನನಗೂ ಕಲಿಸಿ" ಎಂದೆ. "ಈ ಕೆಲಸ ನನ್ನ ಕಾಲಕ್ಕೇ ಮುಗೀತು ಮಗಳೇ" ಎಂದು ನಾನು ಎಬ್ಬಿಸಿ ಕನ್ನಡಕದ ಗಾಜಿನ ಕೆಲಸಕ್ಕೆ ಕಳಿಸಿದೆ. ಅದು ಸುಳ್ಳು. ಬಲಗಿವಿಯೂ ಆಗಲೇ ಮಂಜಾಗಿತ್ತು. ನನಗೇ ಕೇಳಿಸದ್ದನ್ನು ನಿನಗೆ ಹೇಗೆ ಕಲಿಸಲಿ ಎಂದು ನಾಚಿಕೆಯಾಗಿ ಮುಚ್ಚಿಟ್ಟೆ. ತಿಂಗಳ ಕೊನೆಗೆ ತರಬೇತಿ ಮುಗಿದ ಮೇಲೂ ಅಲ್ಲೇ ಉಳಿಯುತ್ತೀಯಾ ಎಂದು ಕೇಳಿದ್ದಾರಲ್ಲ, ಅವರಿಗೆ ಉತ್ತರ ಕೊಡುವ ಮೊದಲು ಒಂದು ಸಲ ಬಂದು ಆ ಸ್ಟೂಲಿನ ಮೇಲೆ ಕೂರು. ನಮ್ಮ ಅಂಗಡಿಯ ದೊಡ್ಡ ಗಡಿಯಾರವನ್ನು ಬೇಕೆಂದೇ ಒಂದು ಕೂದಲಿನಷ್ಟು ಕುಂಟು ಮಾಡಿಟ್ಟಿದ್ದೇನೆ. ಅಜ್ಜಿಗೆ ಗೊತ್ತಿಲ್ಲ. ಅದು ನಿಂತಾಗಲೆಲ್ಲ ಕದ್ದು ಲೋಲಕ ತಳ್ಳುತ್ತಿದ್ದೇನೆ. ಬೇಗ ಬಾ.