ಮೆಟ್ಟಿಲಿಲ್ಲದ ಮನೆಯ ಮೊಣಕಾಲು

ಆನೇಮಹಲ್
ನವೆಂಬರ್ 5

ಡಾಕ್ಟರ್ ದೇವೇಂದ್ರ ಅವರಿಗೆ,

ಮೊಣಕಾಲಿಗೆ ಕಟ್ಟಿಕೊಳ್ಳುವ ಅಲ್ಟ್ರಾಸೌಂಡ್ ಯಂತ್ರವನ್ನು ಪರೀಕ್ಷೆಗೆಂದು ನನಗೆ ಕೊಟ್ಟವರು ನೀವೇ. ಈಗ ಗುಣ ಕಂಡಿಲ್ಲ, ವಾಪಸ್ ಕೊಡಿ ಎಂದು ಹೇಳಿ ಕಳಿಸಿದ್ದೀರಿ. ಗುಣ ಕಂಡಿಲ್ಲ ಎಂದು ನಿಮಗೆ ಹೇಳಿದವರು ಯಾರು?

ನಿಮ್ಮ ಸಹಾಯಕಿ ನವ್ಯಶ್ರೀ ಫೋನ್ ಮಾಡಿ, "ಮನೇಲಿ ಮೆಟ್ಟಿಲು ಹತ್ತಿ ಇಳೀತೀರಾ?" ಎಂದಳು. "ಇಲ್ಲ ಕಣಮ್ಮ, ನಮ್ದು ತೋಟದ ಕೂಲಿಯೋರ ಲೈನ್ ಮನೆ, ಮೆಟ್ಟಿಲೆಲ್ಲೈತೆ?" ಎಂದೆ. ಅವಳು 'ಇಲ್ಲ' ಎಂದಷ್ಟೇ ಬರೆದುಕೊಂಡಳು. ಅಷ್ಟಕ್ಕೇ ನನ್ನ ಕಾಲು ವಾಸಿಯಾಗಿಲ್ಲವೆಂದು ನಿಮ್ಮ ತೀರ್ಮಾನ!

ಮೊಣಕಾಲೂರಲು ಆಗುತ್ತದೆಯೇ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ? ಈ ಯಂತ್ರ ಕಟ್ಟಿಕೊಳ್ಳುವ ಮೊದಲು ಸಂಜೆಯ ಜಪಸರದ ಪ್ರಾರ್ಥನೆಯನ್ನೂ ನಾನು ಕುರ್ಚಿಯಲ್ಲಿ ಕೂತೇ ಮುಗಿಸುತ್ತಿದ್ದೆ. ಮೊನ್ನೆ ಮೃತರ ಹಬ್ಬಕ್ಕೆ ನನ್ನ ಯಜಮಾನರಾದ ಲಾಜರಸರ ಸಮಾಧಿಯ ಮುಂದೆ ಮೊಣಕಾಲೂರಿ ಮೇಣದಬತ್ತಿ ಹಚ್ಚಿದೆ. ಅವರನ್ನು ಮಣ್ಣು ಮಾಡಿದ ದಿನವೂ ನನ್ನಿಂದ ಅದು ಆಗಿರಲಿಲ್ಲ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಅವರ ಸಮಾಧಿಯಿರುವ ಸಿಮಿಟ್ರಿಗೆ ಬನ್ನಿ. ನವ್ಯಶ್ರೀಯನ್ನೂ ಕರೆತನ್ನಿ. ಅಲ್ಲಿ ನಾನು ಮೊಣಕಾಲೂರುತ್ತೇನೆ, ಎಬ್ಬಿಸಲು ಯಾರೂ ಕೈ ಕೊಡಬೇಡಿ. ನಾನೇ ಎದ್ದು ನಿಲ್ಲುತ್ತೇನೆ. ಆಮೇಲೆ, ಯಂತ್ರ ಬಿಚ್ಚಿ ಕೊಡಿ ಎಂದು ನನ್ನ ಮುಖ ನೋಡಿ ಕೇಳಿ.

ಇಂತಿ, ಇನ್ನೂ ಯಂತ್ರ ಬಿಚ್ಚದ
ಬೆನೆಡಿಕ್ಟಾ